ಹೊಳೆಯ ದೇವಿಗೆ ಗಂಡ ಸಿಕ್ಕಿದ್ದು: ಸಾಮ್ರಾಜ್ಯಗಳು ಊರದೇವರನ್ನು ಒಳಗೆ ಕರೆದುಕೊಳ್ಳೋದು ಹೇಗೆ?

ಹೋದ ಸಂಚಿಕೆ ಆದಮೇಲೆ ಕೇಳುಗರೊಬ್ಬರು ಒಂದು ಉದ್ದದ ವಾಯ್ಸ್ ಮೆಸೇಜ್ ಕಳಿಸಿದ್ದರು. ಅವರು ಕನ್ನಡದಲ್ಲಿ ಒಂದು ಫ್ಯಾಂಟಸಿ ಕಾದಂಬರಿ ಬರೀತಿದ್ದಾರಂತೆ. ಕಥೆಯಲ್ಲಿ ಒಂದು ದೊಡ್ಡ ಸಾಮ್ರಾಜ್ಯ ಇದೆ, ಅದಕ್ಕೊಬ್ಬ ಸೂರ್ಯದೇವರು. ಸೈನ್ಯ ಒಂದು ಕಣಿವೆಗೆ ಬರುತ್ತೆ. ಅಲ್ಲಿನ ಜನ ಒಂದು ಹೊಳೆಯನ್ನೇ ದೇವಿ ಅಂತ ಪೂಜೆ ಮಾಡ್ತಿರ್ತಾರೆ. ಹನ್ನೆರಡನೇ ಅಧ್ಯಾಯದಲ್ಲಿ ಸೈನಿಕರು ದೇವಿಯ ಗುಡಿ ಒಡೆದು, ಅದೇ ಜಾಗದಲ್ಲಿ ಸೂರ್ಯನ ಗುಡಿ ಕಟ್ತಾರೆ. ಅಷ್ಟೆ, ಧರ್ಮ ಬದಲಾಯ್ತು. "ಸರ್, ಓದಿದ ಗೆಳೆಯರೆಲ್ಲ ಇದು ಯಾಕೋ ಸಪ್ಪೆ ಅಂತಿದ್ದಾರೆ. ನಿಜವಾದ ಇತಿಹಾಸದಲ್ಲಿ ಹೇಗೆ ಆಗ್ತಿತ್ತು?" ಅನ್ನೋದು ಪ್ರಶ್ನೆ.

ಒಳ್ಳೇ ಪ್ರಶ್ನೆ. ಗೆಳೆಯರು ಹೇಳಿದ್ದು ಸರಿ ಅಂತಲೂ ನನಗನ್ಸುತ್ತೆ. ಗುಡಿ ಒಡೆದದ್ದು ಇತಿಹಾಸದಲ್ಲಿ ಆಗೇ ಇಲ್ಲ ಅಂತಲ್ಲ, ಬೇಕಾದಷ್ಟು ಸಲ ಆಗಿದೆ. ಆದರೆ ಒಡೆಯೋದು ತುಂಬಾ ದುಬಾರಿ ಕೆಲಸ. ಇವತ್ತು ಒಡೆದರೆ ನಾಳೆಯಿಂದ ಆ ಊರಿಗೆ ಕಾವಲು ಇಡಬೇಕು. ಆಮೇಲೆ ಆ ಊರಿನವರೇ ತಾನೇ ಕಂದಾಯ ಕಟ್ಟಬೇಕಾದವರು? ಅದಕ್ಕೇ ಜಾಣ ಸಾಮ್ರಾಜ್ಯಗಳು ಬೇರೆ ದಾರಿ ಹಿಡಿದವು. ಹೆಸರು ಜೋಡಿಸಿದವು, ದೇವರನ್ನು ಊರಿಂದ ಊರಿಗೆ ಹೊತ್ತುಕೊಂಡು ಹೋದವು, ದತ್ತಿ ಕೊಟ್ಟವು. ಎಲ್ಲಕ್ಕಿಂತ ಹೆಚ್ಚಾಗಿ ನಮ್ಮ ಕಡೆ ಮದುವೆ ಮಾಡಿಸಿದರು.

ನಿಮ್ಮ ಕಥೆಯ ಹೊಳೆಯ ದೇವಿಯನ್ನು ಹುಡುಕಿಕೊಂಡು ಎಲ್ಲೋ ದೂರ ಹೋಗಬೇಕಾಗಿಲ್ಲ, ಹೊಸಪೇಟೆಯಲ್ಲಿ ಬಸ್ ಇಳಿದರೆ ಸಾಕು. ಆದರೆ ಅದಕ್ಕೂ ಮುಂಚೆ ಐದು ನಿಮಿಷ ರೋಮಿಗೆ ಹೋಗಿ ಬರೋಣ. ನೀವು ಓದೋ ಇಂಗ್ಲಿಷ್ ಫ್ಯಾಂಟಸಿಯ ಸಾಮ್ರಾಜ್ಯಗಳಲ್ಲಿ ಮುಕ್ಕಾಲು ಪಾಲು ರೋಮಿನ ನಕಲೇ ಆಗಿರೋದರಿಂದ ಅದನ್ನು ನೋಡದೆ ಮುಂದೆ ಹೋಗೋದು ಸರಿಯಲ್ಲ.

ಕ್ರಿಸ್ತಪೂರ್ವ 396. ರೋಮಿನ ಪಕ್ಕದಲ್ಲೇ ಇದ್ದ ವೇಯಿ ಅನ್ನೋ ಶತ್ರುನಗರ ಬಿತ್ತು. ಆ ನಗರವನ್ನು ಕಾಯ್ತಿದ್ದವಳು ಜೂನೋ ದೇವಿ. ರೋಮನ್ನರು ಮುತ್ತಿಗೆಯ ಕೊನೆಗೆ ಅವಳನ್ನೇ ಪ್ರಾರ್ಥಿಸಿದರು: ನಮ್ಮ ಕಡೆ ಬಾ, ಇಲ್ಲಿಗಿಂತ ದೊಡ್ಡ ಗುಡಿ ಕಟ್ಟಿಸ್ತೀವಿ ಅಂತ. ಇತಿಹಾಸಕಾರ ಲಿವಿ ಒಂದು ಸ್ವಾರಸ್ಯದ ಕಥೆ ಹೇಳ್ತಾನೆ. ಸ್ನಾನ ಮಾಡಿ, ಬಿಳಿ ಬಟ್ಟೆ ಉಟ್ಟ ಯುವಕರು ಒಳಗೆ ಹೋದರಂತೆ. ಅವರಲ್ಲೊಬ್ಬ, ತಮಾಷೆಗೋ ಏನೋ, "ರೋಮಿಗೆ ಬರ್ತೀಯಾ ತಾಯಿ?" ಅಂತ ಕೇಳಿಯೇಬಿಟ್ಟ. ಮೂರ್ತಿ ತಲೆ ಆಡಿಸಿತು ಅಂತ ಮಿಕ್ಕವರೆಲ್ಲ ಕೂಗಿದರು. ಸರಿ, ಅವಳನ್ನು ರೋಮಿನ ಅವೆಂಟೈನ್ ಬೆಟ್ಟಕ್ಕೆ ತಂದು ಗುಡಿ ಕಟ್ಟಿಸಿದರು. ಇಲ್ಲಿ ಯಾರೂ ದೇವಿಯನ್ನು ಸೋಲಿಸಲಿಲ್ಲ. ಅವಳೇ ಒಪ್ಪಿ ಬಂದಳು ಅನ್ನೋ ಕಥೆ ಹುಟ್ಟಿತು. ಸೋತ ಊರಿನವರಿಗೆ ಇದು ಎಷ್ಟು ದೊಡ್ಡ ಪೆಟ್ಟು ಅಂತ ಯೋಚನೆ ಮಾಡಿ. ಕೋಟೆ ಬಿದ್ದಿದ್ದಲ್ಲದೆ ನಿಮ್ಮ ದೇವಿಯೇ ನಿಮ್ಮನ್ನು ಬಿಟ್ಟು ಹೋದಳು!

ಇನ್ನೊಂದು ದಾರಿ ಇಂಗ್ಲೆಂಡಿನ ಬಾತ್ ಊರಿನದು. ಅಲ್ಲಿ ಸುಮಾರು 46 ಡಿಗ್ರಿ ಬಿಸಿಯ ನೀರು ನೆಲದಿಂದ ಉಕ್ಕುತ್ತೆ, ದಿನಕ್ಕೆ ಹತ್ತು ಲಕ್ಷ ಲೀಟರಿಗಿಂತಲೂ ಜಾಸ್ತಿ. ಸ್ಥಳೀಯರಿಗೆ ಆ ಬುಗ್ಗೆಯ ದೇವಿ ಸೂಲಿಸ್. ರೋಮನ್ನರು ಬಂದು ನೋಡಿದರು, ಈಕೆ ನಮ್ಮ ಮಿನರ್ವಾ ಥರ ಇದ್ದಾಳಲ್ಲ ಅಂದರು. ಸೂಲಿಸ್ ಮಿನರ್ವಾ ಅಂತ ಜೋಡಿ ಹೆಸರಾಯ್ತು. ಮೊದಲನೇ ಶತಮಾನ ಮುಗಿಯುವ ಮುಂಚೆಯೇ ಕಂಬ, ಕಟ್ಟೆ, ಸ್ನಾನಗೃಹ ಎಲ್ಲ ಎದ್ದವು. ದೇವಿಗೆ ರೋಮನ್ ಮುಖ ಬಂತು. ಚಿನ್ನದ ಲೇಪದ ಆ ಕಂಚಿನ ತಲೆ 1727ರಲ್ಲಿ ಮಣ್ಣಿನಲ್ಲಿ ಸಿಕ್ಕಿತು. ಆದರೆ ಜನ ಬುಗ್ಗೆಯೊಳಗೆ ಎಸೆದ ಸೀಸದ ತಗಡುಗಳನ್ನು ಓದಿದರೆ ಕಥೆ ಬೇರೆ. ಅಂಥ ಸುಮಾರು 130 ತಗಡು ಸಿಕ್ಕಿವೆ. ಹೆಚ್ಚಿನವು ಕಳ್ಳರಿಗೆ ಹಾಕಿದ ಶಾಪಗಳು. ಡೋಸಿಮೆಡಿಸ್ ಅನ್ನೋ ಒಬ್ಬ ಎರಡು ಕೈಚೀಲ, ಅಂದ್ರೆ ಗ್ಲೌಸ್, ಕಳಕೊಂಡಿದ್ದ. ಕದ್ದವನ ಬುದ್ಧಿ ಕೆಡಲಿ, ಕಣ್ಣು ಹೋಗಲಿ ಅಂತ ಬರೆದು ಹಾಕಿದ್ದಾನೆ. ಧರ್ಮಸ್ಥಳದ ಮೇಲೆ ಆಣೆ ಹಾಕೋ ನಮಗೆ ಇದೇನು ಹೊಸದಲ್ಲ ಬಿಡಿ. ಗಮನಿಸಬೇಕಾದ್ದು ಇಷ್ಟು: ಭಾಷೆ ಲ್ಯಾಟಿನ್ ಆಯ್ತು, ಆದರೆ ದೂರು ಹೋಗ್ತಿದ್ದದ್ದು ಸೂಲಿಸಳ ಹತ್ತಿರವೇ. ಎಷ್ಟೋ ತಗಡುಗಳಲ್ಲಿ ಮಿನರ್ವಾ ಹೆಸರೇ ಇಲ್ಲ.

ಹಾಗಂತ ರೋಮನ್ನರು ಉದಾರಿಗಳು ಅಂದುಕೊಳ್ಳಬೇಡಿ. ಅದೇ ಬ್ರಿಟನ್ನಿನಲ್ಲಿ, ಕ್ರಿಸ್ತಶಕ 60ರ ಹೊತ್ತಿಗೆ, ಡ್ರುಯಿಡ್ ಅನ್ನೋ ಪುರೋಹಿತರ ನೆಲೆಯಾಗಿದ್ದ ಮೋನಾ ದ್ವೀಪಕ್ಕೆ ಸೈನ್ಯ ನುಗ್ಗಿಸಿ, ಅವರ ಪವಿತ್ರ ತೋಪುಗಳನ್ನು ಕಡಿದು ಹಾಕಿದರು. ಬುಗ್ಗೆಯ ದೇವಿಗೆ ಗುಡಿ, ಡ್ರುಯಿಡ್ಡರಿಗೆ ಕತ್ತಿ. ಯಾಕೆ? ಸೂಲಿಸ್ ಹಿಂದೆ ಒಂದು ಊರಿತ್ತು, ಡ್ರುಯಿಡ್ಡರ ಹಿಂದೆ ಬುಡಕಟ್ಟುಗಳನ್ನು ಒಟ್ಟುಗೂಡಿಸಬಲ್ಲ ಒಂದು ಸಂಘಟನೆ ಇತ್ತು. ಕಾದಂಬರಿ ಬರೆಯೋರೇ, ಇದನ್ನು ಬರ್ಕೊಳ್ಳಿ: ಸಾಮ್ರಾಜ್ಯಕ್ಕೆ ದೇವರುಗಳ ಮೇಲೆ ಅಷ್ಟಾಗಿ ಸಿಟ್ಟಿರಲ್ಲ. ತನ್ನ ಅಪ್ಪಣೆ ಇಲ್ಲದೆ ಜನರನ್ನು ಸೇರಿಸೋ ಪೂಜಾರಿಗಳ ಮೇಲೆ ಇರುತ್ತೆ.

ಈಗ ಹಂಪಿ.

ಹಂಪಿ ಅನ್ನೋ ಹೆಸರು ಬಂದದ್ದು ಪಂಪಾ ಅನ್ನೋದರಿಂದ. ಹಳಗನ್ನಡದ 'ಪಾಲ್' ಹಾಲಾದ ಹಾಗೆ, 'ಪೂ' ಹೂವಾದ ಹಾಗೆ, 'ಪುಲಿ' ಹುಲಿಯಾದ ಹಾಗೆ ಪಂಪೆ ಹಂಪೆ ಆಯ್ತು. ಪಂಪಾ ಅನ್ನೋದು ತುಂಗಭದ್ರೆಯ ಹಳೇ ಹೆಸರು. ಆ ಹೊಳೆಯ ದೇವಿಯ ಹೆಸರೂ ಅದೇ. ಏಳನೇ ಶತಮಾನದ ಕೊನೆಯಲ್ಲಿ ಬಾದಾಮಿ ಚಾಲುಕ್ಯರ ವಿನಯಾದಿತ್ಯ ಹೊರಡಿಸಿದ ಒಂದು ಶಾಸನದಲ್ಲಿ ಈ ಜಾಗದ ಹೆಸರು ಪಂಪಾತೀರ್ಥ. ತೀರ್ಥ ಅಂದ್ರೆ ಮೊದಲಿಗೆ ಹೊಳೆ ದಾಟುವ ಕಡವು. ವಿಜಯನಗರ ಹುಟ್ಟೋಕೆ ಇನ್ನೂ ಆರೂವರೆ ಶತಮಾನ ಇದೆ. ವಿರೂಪಾಕ್ಷನ ಸುದ್ದಿಯೇ ಇಲ್ಲ. ಇರೋದು ಹೊಳೆ, ಬಂಡೆ ಮತ್ತು ದೇವಿ.

ಅಲ್ಲಿಂದ ಮುಂದೆ ಶಿವನ ಗುಡಿಗಳು ಒಂದೊಂದಾಗಿ ಏಳ್ತಾ ಬರ್ತವೆ. ಹೇಮಕೂಟದ ಮೇಲೆ ಹತ್ತಿದರೆ ಇವತ್ತೂ ಕಾಣ್ತವೆ, ಮೆಟ್ಟಿಲು ಮೆಟ್ಟಿಲಾಗಿ ಚಾವಣಿ ಇರೋ ಪುಟ್ಟ ಪುಟ್ಟ ಕಲ್ಲಿನ ಗುಡಿಗಳು, ಬಹಳಷ್ಟು ವಿಜಯನಗರಕ್ಕಿಂತ ಹಿಂದಿನವು. ಹನ್ನೆರಡನೇ ಶತಮಾನ ಮುಗಿಯುವ ಹೊತ್ತಿಗೆ ಶಾಸನಗಳ ಧಾಟಿ ಬದಲಾಗಿರುತ್ತೆ. ಈಗ ದಾನ ಹೋಗೋದು ಮುಖ್ಯವಾಗಿ ವಿರೂಪಾಕ್ಷನಿಗೆ. ಪಂಪಾ ಅವನ ಪಕ್ಕದಲ್ಲಿ ನಿಂತಿದ್ದಾಳೆ, ಹೆಂಡತಿಯಾಗಿ.

ಇದರ ಪುರಾಣ ನಿಮಗೆ ಗೊತ್ತಿರಬಹುದು. ಪಂಪೆ ಬ್ರಹ್ಮನ ಮಾನಸಪುತ್ರಿ, ಶಿವನನ್ನೇ ಮದುವೆ ಆಗಬೇಕು ಅಂತ ತಪಸ್ಸಿಗೆ ಕೂತಳು. ಶಿವನೂ ಹೇಮಕೂಟದಲ್ಲಿ ತಪಸ್ಸಿನಲ್ಲಿದ್ದ. ದೇವತೆಗಳು ಮನ್ಮಥನನ್ನು ಕಳಿಸಿದರು, ಶಿವ ಮೂರನೇ ಕಣ್ಣು ತೆರೆದು ಅವನನ್ನು ಸುಟ್ಟ, ಕೊನೆಗೆ ಪಂಪೆಯ ಭಕ್ತಿಗೆ ಒಲಿದು ಮದುವೆಯಾದ. ಇದು ಎಲ್ಲೋ ಕೇಳಿದ ಹಾಗಿದೆಯಲ್ಲ? ಹೌದು, ಹಿಮಾಲಯದಲ್ಲಿ ನಡೆದ ಪಾರ್ವತಿಯ ಕಥೆಯೇ. ಅದನ್ನೇ ತಂದು ತುಂಗಭದ್ರೆಯ ದಡದಲ್ಲಿ ಕೂರಿಸಿದ್ದಾರೆ. ಪಂಪಾ ಅಂದರೆ ಪಾರ್ವತಿಯೇ ಅಂದಮೇಲೆ ವಿಷಯ ಮುಗೀತು. ಅವಳ ಸ್ವಂತ ಕಥೆ ಯಾವುದು ಅಂತ ಮುಂದೆ ಯಾರೂ ಕೇಳೋದಿಲ್ಲ.

ನನಗೆ ಇಲ್ಲಿ ಒಂದು ಸಣ್ಣ ತಕರಾರಿದೆ. ಇಂಥ ಕಥೆ ಹೇಳುವಾಗ "ರಾಜ ಬಂದ, ಬ್ರಾಹ್ಮಣರು ಬಂದರು, ದೇವಿಯನ್ನು ಕಿತ್ತುಕೊಂಡರು" ಅಂತ ಒಂದೇ ಉಸಿರಿನಲ್ಲಿ ಹೇಳಿಬಿಡೋ ರೂಢಿ ಇದೆ. ರೀಲ್ಸ್‌ಗೆ ಅದು ಚೆನ್ನಾಗಿ ಹೊಂದುತ್ತೆ. ಆದರೆ ತಾರೀಖು ನೋಡಿ. ಹರಿಹರ ಬುಕ್ಕರು ಬಂದದ್ದು 1336ರ ಆಸುಪಾಸು. ಪಂಪೆಯ ಮದುವೆ ಅದಕ್ಕೂ ನೂರು ವರ್ಷಕ್ಕೂ ಹೆಚ್ಚು ಮುಂಚೆಯೇ ಆಗಿಹೋಗಿತ್ತು. ರಗಳೆಗಳ ಕವಿ ಹರಿಹರ, 'ಗಿರಿಜಾಕಲ್ಯಾಣ' ಬರೆದವನು, ಹಂಪೆಯ ವಿರೂಪಾಕ್ಷನ ದೊಡ್ಡ ಭಕ್ತ. ಅವನೂ ಸಾಮ್ರಾಜ್ಯಕ್ಕಿಂತ ಹಿಂದಿನವನೇ. ಅಂದ್ರೆ ಹೊಳೆಯ ದೇವಿಗೆ ಗಂಡನನ್ನು ಹುಡುಕಿದ್ದು ಯಾವ ಚಕ್ರವರ್ತಿಯೂ ಅಲ್ಲ. ಯಾತ್ರಿಕರು, ಅರ್ಚಕರು, ಶೈವ ಯತಿಗಳು, ಸಣ್ಣಪುಟ್ಟ ದೊರೆಗಳು, ಇವರೆಲ್ಲ ಸೇರಿ ನಾಲ್ಕೈದು ಶತಮಾನ ತಗೊಂಡು ನಿಧಾನವಾಗಿ ಮಾಡಿದ ಕೆಲಸ ಅದು. ಸಾಮ್ರಾಜ್ಯ ಬಂದದ್ದು ಮದುವೆ ಊಟಕ್ಕೆ.

ಊಟಕ್ಕೆ ಬಂದವರು ಸುಮ್ಮನೆ ಹೋಗಲಿಲ್ಲ ಅನ್ನಿ. ಗಂಡನನ್ನು ರಾಜ್ಯದ ಯಜಮಾನನನ್ನಾಗಿ ಮಾಡಿಬಿಟ್ಟರು. ವಿಜಯನಗರದ ತಾಮ್ರಶಾಸನಗಳನ್ನು ನೋಡಿದರೆ ಒಂದು ಮಜಾ ಇದೆ. ಒಳಗಿನ ಪಾಠ ಸಂಸ್ಕೃತ, ಲಿಪಿ ನಂದಿನಾಗರಿ. ಭೂಮಿ ತಮಿಳುನಾಡಿನಲ್ಲಿರಬಹುದು, ಆಂಧ್ರದಲ್ಲಿರಬಹುದು. ಆದರೆ ಕೊನೆಯಲ್ಲಿ, ದೊಡ್ಡ ಕನ್ನಡ ಅಕ್ಷರಗಳಲ್ಲಿ, 'ಶ್ರೀ ವಿರೂಪಾಕ್ಷ' ಅಂತ ಸಹಿ. ರಾಜ ತನ್ನ ಹೆಸರು ಹಾಕಲ್ಲ. ದೇವರೇ ಸಹಿ ಹಾಕಿದ ಲೆಕ್ಕ. ಕಾವೇರಿ ದಡದ ರೈತನೊಬ್ಬನಿಗೆ ತುಂಗಭದ್ರೆಯ ದಡದ ದೇವರ ಹೆಸರು ಗೊತ್ತಾಗೋದು ಹೀಗೆ, ಜಮೀನಿನ ಕಾಗದದಿಂದ. ಮುಳಬಾಗಿಲಿನ ಹತ್ತಿರ ವಿರೂಪಾಕ್ಷನಿಗೆ ಇನ್ನೊಂದು ಗುಡಿಯೇ ಎದ್ದಿತು. ನಮ್ಮ ಕಾಲದ ಮಾತಿನಲ್ಲಿ ಹೇಳೋದಾದರೆ ಬ್ರ್ಯಾಂಚ್ ಆಫೀಸು.

ಇಲ್ಲಿ ಯಾರು ಯಾರನ್ನು ನುಂಗಿದರು? ಹೊಸದಾಗಿ ತಲೆ ಎತ್ತಿದ ಒಂದು ಮನೆತನಕ್ಕೆ ಹಳೆಯ ಕ್ಷೇತ್ರವೊಂದರ ಆಸರೆ ಬೇಕಿತ್ತು. ಆ ಕ್ಷೇತ್ರದ ಪಾವಿತ್ರ್ಯ ಹುಟ್ಟಿದ್ದೇ ಪಂಪೆಯಿಂದ. ಹಾಗಾಗಿ ಸಾಮ್ರಾಜ್ಯ ಊರದೇವಿಯನ್ನು ಒಳಗೆ ತಗೊಂಡಿತು ಅನ್ನೋದು ಎಷ್ಟು ನಿಜವೋ, ಊರದೇವಿಯ ಮನೆಗೆ ಸಾಮ್ರಾಜ್ಯ ಬಾಡಿಗೆಗೆ ಬಂತು ಅನ್ನೋದೂ ಅಷ್ಟೇ ನಿಜ.

ಆಮೇಲೆ ರಾಮಾಯಣ. ವಾಲ್ಮೀಕಿಯಲ್ಲಿ ಪಂಪಾ ಸರೋವರ ಬರುತ್ತಲ್ಲ, ಕಿಷ್ಕಿಂಧೆ ಬರುತ್ತಲ್ಲ, ಅದೆಲ್ಲ ಇಲ್ಲೇ ಅನ್ನೋ ನಂಬಿಕೆ ಗಟ್ಟಿಯಾಯ್ತು. ಆನೆಗೊಂದಿ ಕಡೆಯ ಕೊಳ ಪಂಪಾ ಸರೋವರ. ಆಂಜನೇಯ ಹುಟ್ಟಿದ ಬೆಟ್ಟ, ರಾಮ ಮಳೆಗಾಲ ಕಳೆದ ಮಾಲ್ಯವಂತ, ಸುಗ್ರೀವನ ಋಷ್ಯಮೂಕ, ಒಂದೊಂದು ಬಂಡೆಗೂ ಒಂದೊಂದು ಕಥೆ ಅಂಟಿಕೊಂಡಿತು. ಅರಮನೆಯ ಆವರಣದ ನಟ್ಟನಡುವೆ ಹಜಾರರಾಮನ ಗುಡಿ ಕಟ್ಟಿ ಗೋಡೆ ತುಂಬ ರಾಮಾಯಣ ಕೆತ್ತಿಸಿದರು. ಮಂಗ ಇರೋ ಊರಿಗೆ ಕಿಷ್ಕಿಂಧೆ ಅಂತ ಹೆಸರಿಡೋದು ಕಷ್ಟವೂ ಅಲ್ಲ ನೋಡಿ. ಹೋದವರಿಗೆ ಗೊತ್ತು, ಬಾಳೆಹಣ್ಣು ಕೈಯಲ್ಲಿ ಉಳಿಯಲ್ಲ.

ಕಾದಂಬರಿಕಾರರಿಗೆ ಬಹಳ ಉಪಯೋಗ ಆಗೋ ಇನ್ನೊಂದು ಪ್ರಸಂಗ ಹೇಳ್ತೀನಿ. ನಿಮಗೆ ವೇಯಿ ನಗರದ ಜೂನೋ ನೆನಪಿದ್ದಾಳಲ್ಲ? ಕೃಷ್ಣದೇವರಾಯ 1513-14ರಲ್ಲಿ ಒಡಿಶಾದ ಗಜಪತಿಯ ವಶದಲ್ಲಿದ್ದ ಉದಯಗಿರಿ ಕೋಟೆಯನ್ನು ಗೆದ್ದ. ಅಲ್ಲಿಂದ ಬಾಲಕೃಷ್ಣನ ಒಂದು ಮೂರ್ತಿ ತಂದ. 1515ರಲ್ಲಿ ಹಂಪಿಯಲ್ಲಿ ಅದಕ್ಕಾಗಿಯೇ ಕೃಷ್ಣ ದೇವಸ್ಥಾನ ಕಟ್ಟಿಸಿ ಪ್ರತಿಷ್ಠೆ ಮಾಡಿಸಿದ. ಗುಡಿಯ ಮುಂದೆ ಪೇಟೆ, ಪಕ್ಕದಲ್ಲಿ ಪುಷ್ಕರಣಿ. ಬಾಲಕೃಷ್ಣನ ಚಿತ್ರ ಇರೋ ಚಿನ್ನದ ನಾಣ್ಯವನ್ನೂ ಹೊರಡಿಸಿದ. ಸೋತ ರಾಜನ ಕೋಟೆಯಲ್ಲಿದ್ದ ದೇವರು ಗೆದ್ದ ರಾಜನ ನಾಣ್ಯದ ಮೇಲೆ! ರೋಮಿನ ಯುವಕ "ಬರ್ತೀಯಾ ತಾಯಿ" ಅಂತ ಕೇಳಿದ ಹಾಗೆ ಇಲ್ಲಿ ಯಾರಾದರೂ ಬಾಲಕೃಷ್ಣನನ್ನು ಕೇಳಿದ್ದ ಕಥೆ ನಾನಂತೂ ಓದಿಲ್ಲ. ಪಂಢರಾಪುರದವರು ಇದೇ ಥರದ ಇನ್ನೊಂದು ಕಥೆ ಹೇಳ್ತಾರೆ. ವಿಜಯನಗರದ ರಾಜ ನಮ್ಮ ವಿಠ್ಠಲನನ್ನು ಹಂಪಿಗೆ ಕೊಂಡೊಯ್ದ, ಸಂತ ಏಕನಾಥರ ಮುತ್ತಜ್ಜ ಭಾನುದಾಸರು ಹೋಗಿ ವಾಪಸ್ ಕರೆತಂದರು ಅಂತ. ಇದು ಭಕ್ತರ ಐತಿಹ್ಯ, ದಾಖಲೆ ಅಲ್ಲ. ಆದರೆ ದೊಡ್ಡ ರಾಜಧಾನಿ ತಮ್ಮ ದೇವರನ್ನು ಎತ್ತಿಕೊಂಡು ಹೋಗಬಹುದು ಅನ್ನೋ ಭಯ ಜನರ ಮನಸ್ಸಿನಲ್ಲಿ ಇತ್ತು ಅನ್ನೋದು ಇದರಿಂದ ಗೊತ್ತಾಗುತ್ತೆ.

ಮತ್ತೆ ಮದುವೆಗೆ ಬರೋಣ, ನನಗೆ ಬಿಡೋಕೆ ಮನಸ್ಸಿಲ್ಲ. ದೇವರಿಗೆ ಊರ ಹುಡುಗಿಯನ್ನು ಕೊಟ್ಟು ಮದುವೆ ಮಾಡೋದು ದಕ್ಷಿಣ ಭಾರತದ ಉದ್ದಕ್ಕೂ ಇದೆ. ಅಹೋಬಲದ ನರಸಿಂಹ ಕಾಡಿನ ಚೆಂಚು ಬುಡಕಟ್ಟಿನ ಹುಡುಗಿಯನ್ನು ಮದುವೆಯಾದ, ಅವಳು ಚೆಂಚುಲಕ್ಷ್ಮಿ. ಅಹೋಬಲ ವಿಜಯನಗರದ ಅರಸರು ಧಾರಾಳವಾಗಿ ದಾನ ಕೊಟ್ಟ ಕ್ಷೇತ್ರ. ಇವತ್ತಿಗೂ ಸಂಕ್ರಾಂತಿ ಕಳೆದ ಮೇಲೆ ನರಸಿಂಹನ ಉತ್ಸವಮೂರ್ತಿ ಪಲ್ಲಕ್ಕಿಯಲ್ಲಿ ಸುಮಾರು 40 ದಿನ ಹಳ್ಳಿ ಹಳ್ಳಿ ಸುತ್ತುತ್ತೆ, ತನ್ನ ಮದುವೆಗೆ ತಾನೇ ಜನರನ್ನು ಕರೆಯೋಕೆ. ಚೆಂಚುಗಳ ಪಾಲಿಗೆ ಅವನು ಬರೀ ದೇವರಲ್ಲ, ಅಳಿಯ. ಅಳಿಯನ ಮೇಲೆ ಹಕ್ಕು ಇರುತ್ತಲ್ಲ! ಬರೀ ಭಕ್ತನಾದರೆ ಕೈಮುಗಿಯಬೇಕು, ಮಾವನ ಮನೆಯವರಾದರೆ ಸಲಿಗೆಯಿಂದ ಮಾತಾಡಬಹುದು. ಹಾಗಾಗಿ ಈ ಮದುವೆಗಳಲ್ಲಿ ಕಳಕೊಂಡಿದ್ದು ಮಾತ್ರ ಲೆಕ್ಕ ಹಾಕಿದರೆ ಸಾಲದು.

ಆದರೂ ಲೆಕ್ಕ ಹಾಕಲೇಬೇಕು. ಮಧುರೆಯ ಮೀನಾಕ್ಷಿಯನ್ನು ನೋಡಿ. ಅವಳಿಗೂ ಶಿವನ ಜೊತೆ ಮದುವೆಯಾಯ್ತು. ಆದರೆ ಅವಳು ಪಾಂಡ್ಯರ ರಾಣಿ. ಚಿತ್ತಿರೈ ಹಬ್ಬದಲ್ಲಿ ಮದುವೆಗೆ ಮುಂಚೆ ಅವಳಿಗೆ ಪಟ್ಟಾಭಿಷೇಕ ಆಗುತ್ತೆ, ರಾಜದಂಡ ಕೊಡ್ತಾರೆ. ಗುಡಿಯನ್ನು ಜನ ಕರೆಯೋದೂ ಅವಳ ಹೆಸರಿನಿಂದಲೇ. ಮೀನಾಕ್ಷಿಯ ಗಂಡನ ಹೆಸರು ಕೇಳಿದರೆ ನಿಮ್ಮಲ್ಲಿ ಎಷ್ಟು ಜನ ಥಟ್ ಅಂತ ಹೇಳ್ತೀರಿ? ಸುಂದರೇಶ್ವರ. ಹಂಪಿಯಲ್ಲಿ ಉಲ್ಟಾ. ವಿರೂಪಾಕ್ಷ ದೇವಸ್ಥಾನಕ್ಕೆ ಹೋದವರಲ್ಲಿ ಎಷ್ಟು ಜನ ಒಳಗೆ ಬದಿಯಲ್ಲಿರೋ ಪಂಪಾದೇವಿಯ ಗುಡಿಗೆ ಹೋಗ್ತಾರೆ? ಹೆಚ್ಚಿನವರು ತಲೆಕೆಳಗಾಗಿ ಬೀಳೋ ಗೋಪುರದ ನೆರಳಿನ ಫೋಟೋ ತೆಗೆದುಕೊಂಡು, ಆನೆ ನೋಡಿ ಬಂದುಬಿಡ್ತಾರೆ. ನಾನೂ ಮೊದಲ ಸಲ ಹಾಗೇ ಮಾಡಿದ್ದು. ಎರಡನೇ ಸಲ ಹೋದಾಗಲೇ ಅವಳ ಮುಂದೆ ನಿಂತಿದ್ದು, ಅದೂ ಒಬ್ಬ ಅಜ್ಜಿ "ಮೊದ್ಲು ಅಮ್ಮನ್ನ ನೋಡ್ಕಂಡ್ ಬಾರಪ್ಪ" ಅಂದಿದ್ದಕ್ಕೆ.

ಪಂಪೆ ಹೀಗೆ ಗುಡಿಯೊಳಗಿನ ಶಾಂತ ಗೃಹಿಣಿಯಾದಳು. ಹಾಗಾದರೆ ರಕ್ತ ಕೇಳೋ ದೇವಿಯರು ಏನಾದರು? ರಾಜಧಾನಿಯಿಂದ ಓಡಿಸಿದರಾ? ಇಲ್ಲ. ಅರಮನೆಯ ಪ್ರದೇಶದಲ್ಲೇ ಪಟ್ಟಣದ ಎಲ್ಲಮ್ಮ ಇದ್ದಾಳೆ; ಇವತ್ತಿಗೂ ಪೂಜೆ ನಡೆಯೋ ಗುಡಿ ಅದು. ಇನ್ನು ಮಹಾನವಮಿ. ಪೋರ್ಚುಗೀಸ್ ಕುದುರೆ ವ್ಯಾಪಾರಿಗಳ ಜೊತೆ 1520ರ ಸುಮಾರಿಗೆ ಬಂದ ಡೊಮಿಂಗೊ ಪಾಯಸ್ ಒಂಬತ್ತು ದಿನದ ಹಬ್ಬವನ್ನು ಕಣ್ಣಾರೆ ನೋಡಿ ಬರೆದಿದ್ದಾನೆ. ಕುಸ್ತಿ, ಕುಣಿತ, ಬಾಣಬಿರುಸು, ಒಡವೆಯ ಭಾರಕ್ಕೆ ನಡೆಯೋಕೂ ಕಷ್ಟಪಡ್ತಿದ್ದ ಅರಮನೆಯ ಹೆಂಗಸರು. ಕೊನೆಯ ದಿನ 250 ಕೋಣ, 4,500 ಕುರಿ ಬಲಿ ಅಂತ ಅವನ ಲೆಕ್ಕ. ಅಂದ್ರೆ ಸಾಮ್ರಾಜ್ಯದ ಅತಿ ದೊಡ್ಡ ಹಬ್ಬದ ನಡುವೆ ಊರ ಮಾರಿಹಬ್ಬದ ಕ್ರಮವೇ ಕೂತಿತ್ತು, ರಾಜನ ಸಮ್ಮುಖದಲ್ಲಿ. ಊರಲ್ಲಿ ಒಂದು ಕೋಣ ಬಿದ್ದರೆ ಊರು ಒಂದಾಗುತ್ತೆ. ಸಾಮಂತರನ್ನೆಲ್ಲ ಕರೆಸಿ 250 ಬಿದ್ದರೆ ರಾಜ್ಯ ಒಂದಾಗುತ್ತೆ ಅನ್ನೋ ಲೆಕ್ಕಾಚಾರ ಇರಬಹುದು, ಇದು ನನ್ನ ಊಹೆ. ಒಂದೇ ಸಾಮ್ರಾಜ್ಯ ಒಬ್ಬ ದೇವಿಗೆ ಸೀರೆ ಉಡಿಸಿ ಗಂಡನ ಪಕ್ಕ ಕೂರಿಸುತ್ತೆ, ಇನ್ನೊಬ್ಬಳಿಗೆ ಕೋಣ ಕೊಟ್ಟು ಯುದ್ಧಕ್ಕೆ ಮುಂಚೆ ಬಲ ಕೇಳುತ್ತೆ. ನಿಮ್ಮ ಕಾದಂಬರಿಯ ಸೂರ್ಯದೇವರ ಪುರೋಹಿತರು ಎಲ್ಲಾ ದೇವಿಯರ ಜೊತೆ ಒಂದೇ ಥರ ನಡೆದುಕೊಂಡರೆ ಅದು ಸುಳ್ಳಾಗಿ ಕಾಣುತ್ತೆ.

1565. ತಾಳಿಕೋಟೆ ಯುದ್ಧ ಆಯ್ತು, ನಗರ ಸುಟ್ಟಿತು. ಆಮೇಲಿನ ಅರವೀಡು ಅರಸರು ದಕ್ಷಿಣಕ್ಕೆ ಸರಿದರು, ಶಾಸನದ ಸಹಿಯೂ ಬದಲಾಗಿ 'ಶ್ರೀ ವೆಂಕಟೇಶ' ಆಯ್ತು. ಉದಯಗಿರಿಯಿಂದ ಬಂದ ಬಾಲಕೃಷ್ಣ ಈಗ ಚೆನ್ನೈ ಮ್ಯೂಸಿಯಮ್ಮಿನಲ್ಲಿದ್ದಾನೆ. ವಿಠ್ಠಲನ ಗುಡಿಯಲ್ಲಿ ಕಲ್ಲಿನ ರಥ ಇದೆ, ವಿಠ್ಠಲ ಇಲ್ಲ. ಸಾಮ್ರಾಜ್ಯ ಹೊರಗಿಂದ ತಂದು ಕೂರಿಸಿದ ದೇವರುಗಳ ಪೂಜೆ ಸಾಮ್ರಾಜ್ಯದ ಜೊತೆಗೇ ನಿಂತುಹೋಯ್ತು. ಮೊದಲಿನಿಂದ ಅಲ್ಲೇ ಇದ್ದವರ ಪೂಜೆ ನಡೀತಾ ಇದೆ.

ವಿಜಯನಗರದ ಕಾಲದಲ್ಲಿ ದೇವಸ್ಥಾನದ ಸುತ್ತಲಿನ ಪೇಟೆಗೆ ವಿರೂಪಾಕ್ಷಪುರ ಅಂತ ಹೆಸರಿತ್ತು. ಇವತ್ತು ಹೊಸಪೇಟೆ ಬಸ್‌ಸ್ಟ್ಯಾಂಡಿನಲ್ಲಿ ನಿಂತು ವಿರೂಪಾಕ್ಷಪುರಕ್ಕೆ ಟಿಕೆಟ್ ಕೇಳಿ ನೋಡಿ, ಕಂಡಕ್ಟರು ನಿಮ್ಮ ಮುಖ ನೋಡ್ತಾರೆ. ಬೋರ್ಡಿನ ಮೇಲೆ ಇರೋದು ಹಂಪಿ, ಅಂದ್ರೆ ಪಂಪೆ. ವಿರೂಪಾಕ್ಷನಿಗೂ ಜನ ಇಟ್ಟ ಇನ್ನೊಂದು ಹೆಸರು ಪಂಪಾಪತಿ. ಬಳ್ಳಾರಿ, ಕೊಪ್ಪಳದ ಕಡೆ ಮನೆಗೊಬ್ಬ ಪಂಪಾಪತಿ, ಪಂಪಣ್ಣ, ಹಂಪಮ್ಮ ಸಿಗ್ತಾರೆ. ಹೆಂಡತಿಯ ಹೆಸರಿನಿಂದ ಗುರುತು ಹೇಳಿಸಿಕೊಳ್ಳೋ ಗಂಡ.

ಮದುವೆಯೂ ಇನ್ನೂ ಮುಗಿದಿಲ್ಲ. ಪ್ರತಿ ವರ್ಷ ಮಾರ್ಗಶಿರದ ಹೊತ್ತಿಗೆ ಫಲಪೂಜೆ ಅಂತ ನಿಶ್ಚಿತಾರ್ಥ ಆಗುತ್ತೆ, ಚೈತ್ರದಲ್ಲಿ ಕಲ್ಯಾಣ, ತೇರು. ಅಂದ್ರೆ ಪ್ರತಿ ವರ್ಷವೂ ನಿಶ್ಚಿತಾರ್ಥಕ್ಕೆ ಮುಂಚೆ ಒಂದಷ್ಟು ತಿಂಗಳು ಪಂಪೆ ಮತ್ತೆ ಮದುವೆಯಾಗದ ಹುಡುಗಿ, ತುಂಗಭದ್ರೆಯ ದಡದಲ್ಲಿ ಒಬ್ಬಳೇ. ಹೋಗೋದಿದ್ದರೆ ಆಗ ಹೋಗಿ. ಮಳೆಗಾಲ ಮುಗಿದ ಹೊಸತು, ಹೊಳೆ ತುಂಬಿರುತ್ತೆ, ತೆಪ್ಪ ಬಿಡೋರು ಇನ್ನೊಂದು ವಾರ ತಡೀರಿ ಅಂತಾರೆ.